ಅನ್ನ, ಅಭಯ, ಅಕ್ಷರ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ಜೈನ ಪರಂಪರೆಯು ನಾಲ್ಕು ದಾನಗಳನ್ನು ಹೇಳುತ್ತದೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯು ಶಾಸ್ತ್ರದಾನಕ್ಕೆ ಮೇರು ನಿದರ್ಶನ. ಆದರೆ ಓದು ಬಾರದ ಮನೆಗೆ ಗ್ರಂಥವೊಂದು ಬಂದರೆ ಅದನ್ನು ತೆರೆಯುವವರು ಯಾರು? ಈ ಪ್ರಶ್ನೆಗೆ ಬದುಕಿನಿಂದಲೇ ಉತ್ತರ ಕೊಟ್ಟವರು ಕರ್ಮವೀರ ಭಾವೂರಾವ್ ಪಾಟೀಲರು.

ಕೊಲ್ಲಾಪುರ ಸೀಮೆಯ ಕುಂಭೋಜದ ಜೈನ ಕುಟುಂಬದಲ್ಲಿ 1887ರಲ್ಲಿ ಜನಿಸಿದ ಭಾವೂರಾವ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಸ್ನಾನಕ್ಕೆ ಒಪ್ಪದ ಕಾರಣ ತಾವಿದ್ದ ಜೈನ ವಸತಿನಿಲಯದಿಂದ ಹೊರಬೀಳಬೇಕಾಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಅವರು 1924ರಲ್ಲಿ ಸಾತಾರೆಯಲ್ಲಿ ವಸತಿನಿಲಯವನ್ನು ತೆರೆದರು. ಅಲ್ಲಿ ಮರಾಠ, ದಲಿತ, ಮುಸ್ಲಿಂ, ಜೈನ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ದವಸ ಮುಗಿದ ದಿನ ಪತ್ನಿ ಲಕ್ಷ್ಮೀಬಾಯಿ ತಮ್ಮ ಮಂಗಳಸೂತ್ರವನ್ನೇ ಒತ್ತೆಯಿಟ್ಟರು.

ಮೊದಲ ತಲೆಮಾರಿನ ವಿದ್ಯಾರ್ಥಿಯನ್ನು ಕಾಲೇಜಿಗೆ ಕರೆತರುವುದು ಏನೆಂಬ ಪ್ರಶ್ನೆಗೆ ‘ನೌಕರಿಯ ಆಸೆ’ ಎಂಬುದು ಸುಲಭದ ಉತ್ತರ. ಅದು ಸುಳ್ಳಲ್ಲ, ಆದರೆ ಅರ್ಧಸತ್ಯ. ಆಸೆ ಎಲ್ಲ ಮನೆಗಳಲ್ಲೂ ಇದೆ; ಓದದ ತಾಯಿಯಲ್ಲಿ ಅದು ಇನ್ನೂ ಹೆಚ್ಚು. ಆ ಮನೆಗಳಲ್ಲಿ ಇಲ್ಲದಿರುವುದು ದಾರಿಯನ್ನು ನಡೆದು ನೋಡಿದವರು. ಅರ್ಜಿ ತುಂಬುವುದು ಹೇಗೆ, ಪಟ್ಟಣದಲ್ಲಿ ಎಲ್ಲಿ ಮಲಗುವುದು, ತನ್ನ ಹೆಸರನ್ನೋ ಜಾತಿಯನ್ನೋ ಕೇಳಿದವರು ಮುಖ ತಿರುಗಿಸಿದರೆ ಯಾರಿಗೆ ಹೇಳುವುದು ಎಂಬ ಪ್ರಶ್ನೆಗಳ ಮುಂದೆ ಆಸೆ ಸೋಲುತ್ತದೆ. ಅನ್ನ ಮತ್ತು ಅಭಯ ಮೊದಲು ದೊರೆತಾಗಲೇ ಅಕ್ಷರದ ಹಂಬಲಕ್ಕೆ ಕಾಲು ಮೂಡುತ್ತದೆ. ತನ್ನಂಥದೇ ಮನೆಯಿಂದ ಬಂದ ಹಿರಿಯ ವಿದ್ಯಾರ್ಥಿಯೊಬ್ಬ ಪಕ್ಕದ ಚಾಪೆಯಲ್ಲಿ ಓದುತ್ತಿದ್ದರೆ, ಅದಕ್ಕಿಂತ ದೊಡ್ಡ ಉಪದೇಶ ಬೇಕಿಲ್ಲ.

ಭಾವೂರಾವ್ ಇನ್ನೂ ಒಂದು ಸೂಕ್ಷ್ಮವನ್ನು ಅರಿತಿದ್ದರು. ದಾನವು ಪಡೆದವನ ತಲೆಯನ್ನು ತಗ್ಗಿಸಬಲ್ಲದು. ಆದ್ದರಿಂದಲೇ ಅವರು ದುಡಿಯುತ್ತ ಕಲಿಯುವ ಪದ್ಧತಿಯನ್ನು ತಂದರು. 1947ರಲ್ಲಿ ಸಾತಾರೆಯಲ್ಲಿ ಆರಂಭವಾದ ಛತ್ರಪತಿ ಶಿವಾಜಿ ಕಾಲೇಜಿನಲ್ಲಿಯೂ ಇದೇ ತತ್ತ್ವ ನೆಲೆಗೊಂಡಿತು. ತನ್ನ ಬೆವರಿನ ಪಾಲು ಇರುವ ವಿದ್ಯೆಯನ್ನು ಬಡ ಹುಡುಗನು ಋಣವೆಂದಲ್ಲ, ಹಕ್ಕೆಂದು ಕಂಡನು. ಕರಾಡದಲ್ಲಿ 1954ರಲ್ಲಿ ತೆರೆದ ಕಾಲೇಜಿಗೆ ಅವರು ಇಟ್ಟ ಹೆಸರು, ಶಾಲೆಯನ್ನೇ ಕಾಣದ ಸಂತ ಗಾಡಗೆ ಮಹಾರಾಜರದು. ಅನಕ್ಷರಸ್ಥ ತಂದೆಯ ಹೆಸರನ್ನು ಪ್ರವೇಶಪತ್ರದಲ್ಲಿ ಬರೆಯಲು ನಾಚುವ ವಿದ್ಯಾರ್ಥಿಗೆ ಆ ನಾಮಫಲಕವು ಮೌನವಾಗಿ ಧೈರ್ಯ ಹೇಳಿರಬೇಕು.

ಜೈನರೆಂದರೆ ವ್ಯಾಪಾರಿಗಳು ಎಂಬ ಗ್ರಹಿಕೆ ಪ್ರಬಲವಾಗಿದ್ದರೂ ಬೆಳಗಾವಿ, ಕೊಲ್ಲಾಪುರ ಭಾಗದ ಜೈನರಲ್ಲಿ ಬಹುಮಂದಿ ಒಕ್ಕಲಿನವರು. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಬಳಿಕ ವಿದ್ಯಾರ್ಥಿವೇತನದ ಮಾತು ಸಮಾಜದಲ್ಲಿ ಹೆಚ್ಚಾಗಿದೆ. ಅದು ಅಗತ್ಯ. ಆದರೆ ಸ್ವಸಮಾಜದ ಮಕ್ಕಳ ಪಕ್ಕದಲ್ಲಿ ಇತರರ ಮಕ್ಕಳಿಗೂ ಎಲೆ ಹಾಸಿದಾಗ ಮಾತ್ರ ಅಭಯದಾನ ಪೂರ್ಣವಾಗುತ್ತದೆ. ಕುಂಭೋಜದ ಆ ರೈತಸೀಮೆಯ ಮಗ ಉಳಿಸಿಹೋದ ಪಾಠ ಇದೇ.