ಸ್ಟಾಕ್ ರಿಜಿಸ್ಟರಿಗೆ ಸಿಗದ ವಾಲ್ ಟ್ಯೂಬು

ಹೈಸ್ಕೂಲಿನ ವಿಜ್ಞಾನದ ಕಪಾಟಿಗೆ ಬೀಗ ಹಾಕುವುದು ಕಳ್ಳರ ಭಯಕ್ಕಲ್ಲ, ಮಕ್ಕಳ ಭಯಕ್ಕೆ. ಒಳಗಿರುವ ಬೀಕರು, ಬ್ಯೂರೆಟ್ಟು, ಪ್ರಿಸಂಗಳೆಲ್ಲ ಹೆಸರು, ಸಂಖ್ಯೆ, ಬೆಲೆಯೊಡನೆ ಸ್ಟಾಕ್ ರಿಜಿಸ್ಟರಿನಲ್ಲಿ ಕೂತಿರುತ್ತವೆ. ಒಡೆದರೆ ಷರಾ ಬರೆಯಬೇಕು, ಷರಾಕ್ಕೆ ಸಹಿ ಬೇಕು, ಸಹಿ ಸಿಗದಿದ್ದರೆ ಸಂಬಳಕ್ಕೆ ಕೈ ಬಿದ್ದೀತೆಂಬ ಅಳುಕು. ಈ ಪ್ರಬಂಧದ ಟೀಚರಮ್ಮ, ಅಂದರೆ ಇದನ್ನು ಬರೆಯುತ್ತಿರುವಾಕೆ, ಕೆಲಸಕ್ಕೆ ಸೇರಿದಾಗ ಕೈಗೆ ಬಂದದ್ದು ಒಂದು ಬೀಗದ ಕೈ, ಕಿವಿಗೆ ಬಿದ್ದದ್ದು "ಜೋಪಾನ" ಎಂಬ ಒಂದೇ ಮಾತು.

ಬಿ.ಎಡ್.ನಲ್ಲಿ ಆಕೆ ಕಲಿತು ಬಂದದ್ದೂ ಹೆಚ್ಚುಕಮ್ಮಿ ಜೋಪಾನದ ವಿದ್ಯೆಯೇ. ಪಾಠಯೋಜನೆಯಲ್ಲಿ ಪೀಠಿಕೆ, ಉದ್ದೇಶ ಕಥನ, ಬೋಧನೋಪಕರಣ, ಮೌಲ್ಯಮಾಪನ ಎಂದು ಒಂದೊಂದಕ್ಕೂ ಒಂದೊಂದು ಅಂಕಣ. 'ವಿದ್ಯಾರ್ಥಿಗಳ ಚಟುವಟಿಕೆ' ಎಂಬ ಅಂಕಣದಲ್ಲಿ ಮಾತ್ರ ಎಲ್ಲರೂ ಒಂದೇ ಸಾಲು ಬರೆಯುತ್ತಿದ್ದರು: ಗಮನವಿಟ್ಟು ಕೇಳುವರು.

ಬೇಸಿಗೆಯ ತರಬೇತಿಯೊಂದರಲ್ಲಿ ಈ ಅಂಕಣ ಅಲ್ಲಾಡಿತು. ಬಂದಿದ್ದ ಸಂಪನ್ಮೂಲ ವ್ಯಕ್ತಿ ಭಾಷಣ ಮಾಡಲಿಲ್ಲ. ಒಬ್ಬೊಬ್ಬರ ಮುಂದೆ ಒಂದು ಬೆಂಕಿಪೊಟ್ಟಣ, ಒಂದು ಬ್ಲೇಡು, ಒಂದು ಗೇಣು ಸೈಕಲ್ ವಾಲ್ ಟ್ಯೂಬು ಇಟ್ಟು, ಕಡ್ಡಿಯ ಮದ್ದು ಕೆರೆದು ಚೌಕ ಮಾಡಿ ಎಂದು ಹೇಳಿ ಕಿಟಕಿಯ ಬಳಿ ಹೋಗಿ ಕೂತರು. ಪಾಠ ಹೇಳಿಯೇ ತಲೆ ನರೆತವರೆಲ್ಲ ಕಡ್ಡಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವಾಲ್ ಟ್ಯೂಬು ಹುಟ್ಟಿದ್ದು ಶಾಲೆಗಾಗಿ ಅಲ್ಲ. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸಲು ರಬ್ಬರಿನೊಳಗೆ ಗಾಳಿ ತುಂಬಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ತುಂಬಿದ ಗಾಳಿ ಹಿಂದಕ್ಕೆ ಬಾರದಂತೆ ತಡೆಯಬೇಕಲ್ಲ? ಪಕ್ಕದಲ್ಲಿ ಸಣ್ಣ ತೂತಿರುವ ಲೋಹದ ನಳಿಕೆ, ಆ ತೂತಿನ ಮೇಲೊಂದು ಬಿಗಿಯಾದ ರಬ್ಬರ್ ತೋಳು, ಅದೇ ವಾಲ್ ಟ್ಯೂಬು. ಪಂಪು ಒತ್ತಿದಾಗ ಗಾಳಿ ರಬ್ಬರನ್ನು ಎತ್ತಿ ಒಳನುಗ್ಗುತ್ತದೆ. ಪಂಪು ನಿಂತರೆ ಒಳಗಿನ ಗಾಳಿಯೇ ರಬ್ಬರನ್ನು ಒತ್ತಿ ಬಾಗಿಲು ಮುಚ್ಚುತ್ತದೆ. ಆ ರಬ್ಬರ್ ತೋಳು ಹಳತಾಗಿ ಸೀಳಿದಾಗ ಹೊಸದನ್ನು ಹಾಕಲೆಂದು ಊರೂರಿನ ಸೈಕಲ್ ಶಾಪುಗಳಲ್ಲಿ ಅದು ಉದ್ದುದ್ದಕ್ಕೆ ಮಾರಾಟಕ್ಕೆ ಬಂತು.

ಅಲ್ಲಿಂದ ಅದು ವಿಜ್ಞಾನದ ತರಗತಿಗೆ ಹೊರಳಿದ್ದು ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ, ಅಂದರೆ ಈಗಿನ ನರ್ಮದಾಪುರಂನಲ್ಲಿ. ಕಿಶೋರ್ ಭಾರತಿ ಎಂಬ ಸಂಸ್ಥೆ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಸೇರಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿದವು. ಮಕ್ಕಳು ಪಾಠ ಓದಿ ಪ್ರಯೋಗ ನೋಡುವುದಲ್ಲ, ಪ್ರಯೋಗ ಮಾಡಿ ತಾವೇ ಪಾಠ ಬರೆಯುವುದು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಬಹುದು. ಮೇಷ್ಟ್ರುಗಳೂ ರಜೆಯಲ್ಲಿ ಬಂದು ಮಕ್ಕಳಂತೆ ನೆಲದ ಮೇಲೆ ಕೂತು ಎಲ್ಲ ಪ್ರಯೋಗಗಳನ್ನೂ ಮಾಡಬೇಕು. 1978ರ ಹೊತ್ತಿಗೆ ಅದು ಇಡೀ ಜಿಲ್ಲೆಗೆ ಹಬ್ಬಿತು; 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಈ ನಡುವೆ, 1978ರಲ್ಲಿ, ಪುಣೆಯ ಟೆಲ್ಕೋದಿಂದ ಒಂದು ವರ್ಷದ ರಜೆ ಹಾಕಿ ಅಲ್ಲಿಗೆ ಬಂದವರು ಕಾನ್ಪುರ ಐಐಟಿಯ ಪದವೀಧರ ಅರವಿಂದ ಗುಪ್ತಾ. ಲಾರಿ ತಯಾರಿಸುವ ಕಾರ್ಖಾನೆಯ ಆ ಎಂಜಿನಿಯರು ವಾಲ್ ಟ್ಯೂಬಿನ ತುಂಡಿಗೆ ಎರಡೂ ಕಡೆಯಿಂದ ಬೆಂಕಿಕಡ್ಡಿ ತೂರಿಸಿ, ಬಡವರ ಮೆಕ್ಯಾನೊ, ಅಂದರೆ ಬಿಡಿಭಾಗ ಜೋಡಿಸಿ ಕಟ್ಟುವ ಆಟಿಕೆ, ಮಾಡಿದರು. ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ತರಬೇತಿ ಮುಗಿಸಿ ಬಂದ ಟೀಚರಮ್ಮ ಎಂಟನೇ ತರಗತಿಗೆ ಇದನ್ನೇ ಒಯ್ದಳು. ಮೂರು ಕಡ್ಡಿಯ ತ್ರಿಭುಜ ಎಷ್ಟು ಅದುಮಿದರೂ ಜಗ್ಗಲಿಲ್ಲ. ನಾಲ್ಕು ಕಡ್ಡಿಯ ಚೌಕ ಬೆರಳು ತಾಕಿಸಿದರೆ ಸಾಕು, ಕುಡಿದವನಂತೆ ವಾಲಿತು. "ಇದನ್ನು ನೆಟ್ಟಗೆ ನಿಲ್ಲಿಸಿ" ಎಂದಷ್ಟೇ ಹೇಳಿ ಆಕೆ ಬಾಯಿ ಮುಚ್ಚಿಕೊಂಡಳು. ಇಡೀ ಕಸರತ್ತಿನಲ್ಲಿ ಕಷ್ಟವಾದದ್ದು ಇದೊಂದೇ. ಉತ್ತರ ನಾಲಿಗೆಯ ತುದಿಯಲ್ಲಿದೆ, ಹೊರಗೆ ಬಿಡುವಂತಿಲ್ಲ. ಒಬ್ಬ ಹುಡುಗ ಮೂಲೆಯಿಂದ ಮೂಲೆಗೆ ಐದನೇ ಕಡ್ಡಿ ಹಾಕಿದ. ಆಕೃತಿ ಗಟ್ಟಿಯಾಯಿತು, ಆದರೆ ಚೌಕ ಉಳಿಯಲಿಲ್ಲ. ಎರಡು ತ್ರಿಭುಜ ಅಂಟಿದ ವಜ್ರಾಕೃತಿಯಾಯಿತು. "ಕಡ್ಡಿ ಗಿಡ್ಡ ಆಯ್ತು" ಎಂದು ಪಕ್ಕದವಳ ತಕರಾರು. ಎಷ್ಟು ಗಿಡ್ಡ? ಕಡ್ಡಿ ನಾಲ್ಕು ಸೆಂಟಿಮೀಟರಾದರೆ ಕರ್ಣಕ್ಕೆ ಐದೂವರೆಗಿಂತ ತುಸು ಹೆಚ್ಚು ಬೇಕು. ಗಣಿತದ ಪುಸ್ತಕದಲ್ಲಿ ಗೋಡೆಗೆ ಹೊಡೆದ ಮೊಳೆಯಂತೆ ಕೂತಿದ್ದ ಎರಡರ ವರ್ಗಮೂಲ ಅಂದು ಜಗಳದ ರೂಪದಲ್ಲಿ ಬಂತು. ಆಮೇಲೆ ಮಕ್ಕಳಿಗೆ ಎಲ್ಲೆಲ್ಲೂ ತ್ರಿಭುಜಗಳೇ: ಶಾಲೆಯ ಹೆಂಚಿನ ಮಾಡಿನಲ್ಲಿ, ಹೈಟೆನ್ಷನ್ ಕಂಬದಲ್ಲಿ, ಸೈಕಲ್ಲಿನ ಫ್ರೇಮಿನಲ್ಲಿ.

"ಆಟ ಸರಿ, ಸಿಲಬಸ್ಸು?" ಎಂಬ ಪ್ರಶ್ನೆ ಸ್ಟಾಫ್ ರೂಮಿನಿಂದ ಬಂದೇ ಬಂತು.

ಅದಕ್ಕೆ ಉತ್ತರ ಸಿಕ್ಕಿದ್ದು ಹತ್ತನೇ ತರಗತಿಯ ಕಾರ್ಬನ್ ಪಾಠದಲ್ಲಿ. ಬೋರ್ಡಿನ ಮೇಲೆ ಮೀಥೇನ್ ಬರೆದರೆ ಅದೊಂದು ಕೂಡಿಸುವ ಚಿಹ್ನೆ: ನಡುವೆ ಕಾರ್ಬನ್, ನಾಲ್ಕು ದಿಕ್ಕಿಗೆ ನಾಲ್ಕು ಹೈಡ್ರೋಜನ್. ಜಾಲಿಮುಳ್ಳಿನಿಂದ ಟ್ಯೂಬಿಗೆ ತೂತು ಮಾಡಿ, ಅದರೊಳಗೆ ಇನ್ನೊಂದು ತುಂಡು ತೂರಿಸಿದರೆ ನಾಲ್ಕು ಕಡ್ಡಿಯ ಗಂಟು ಸಿದ್ಧ. ನಾಲ್ಕೂ ಕಡ್ಡಿಗಳನ್ನು ಒಂದರಿಂದೊಂದು ಆದಷ್ಟು ದೂರ ಸರಿಸಲು ಹೇಳಿದಾಗ ಮಕ್ಕಳ ಕೈ ತಾನಾಗಿ ಮೇಜಿನಿಂದ ಮೇಲೆದ್ದಿತು. ಕೋನಮಾಪಕ ಹಿಡಿದು ನೋಡಿದರೆ 90 ಡಿಗ್ರಿ ಅಲ್ಲ, 109ರ ಆಸುಪಾಸು.

ಡಚ್ ತರುಣ ವಾಂಟ್ ಹಾಫ್ 1874ರಲ್ಲಿ ಹೇಳಿದ್ದೂ ಇದನ್ನೇ, ಕಾರ್ಬನ್ನಿನ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿವೆ ಎಂದು. ಮಾತಿನಲ್ಲಿ ಹೇಳಿದರೆ ಯಾರಿಗೂ ಹಿಡಿಸದೆಂದು ರಟ್ಟಿನ ಪುಟ್ಟ ಚತುರ್ಮುಖಿಗಳನ್ನು ಮಾಡಿ ರಸಾಯನಶಾಸ್ತ್ರಜ್ಞರಿಗೆ ಕಳಿಸಿದ. ಜರ್ಮನಿಯ ಹಿರಿಯ ವಿಜ್ಞಾನಿ ಕೋಲ್ಬೆಗೆ ಇದು ಮಕ್ಕಳಾಟವಾಗಿ ಕಂಡಿತು. ಉಟ್ರೆಕ್ಟಿನ ಪಶುವೈದ್ಯ ಶಾಲೆಯಲ್ಲಿ ಕಲಿಸುವ ಹುಡುಗ ಅಲ್ಲಿಂದಲೇ ರೆಕ್ಕೆಯ ಕುದುರೆಯೊಂದನ್ನು ಬಾಡಿಗೆಗೆ ತಂದು ಏರಿದ್ದಾನೆಂದು ಅಚ್ಚಿನಲ್ಲೇ ಅಣಕಿಸಿದರು. 1901ರಲ್ಲಿ ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್ ಬಂದದ್ದು ಆ ಕುದುರೆ ಸವಾರನಿಗೆ. ಸೈಕಲ್ ಟೈರಿಗೆ ಗಾಳಿ ತುಂಬಿದವನೂ ಪಶುವೈದ್ಯ, ಇವನಿದ್ದದ್ದೂ ಪಶುವೈದ್ಯ ಶಾಲೆ ಎಂದಾಗ ಹಿಂದಿನ ಬೆಂಚಿನಿಂದ ಒಬ್ಬ, "ನಮ್ಮೂರ ದನದ ಡಾಕ್ಟರಿಗೆ ಹೇಳ್ಬೇಕು ಮಿಸ್" ಎಂದ.

ನಮ್ಮಲ್ಲೂ ಕಡ್ಡಿ ಜೋಡಿಸಿ ಹೆಸರಾದವರಿದ್ದಾರೆ. ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ 1954ರಲ್ಲಿ ಸಹೋದ್ಯೋಗಿ ಗೋಪೀನಾಥ್ ಕರ್ತಾ ಜೊತೆಗೂಡಿ ಚರ್ಮ, ಮೂಳೆಗಳಲ್ಲಿರುವ ಕೊಲಾಜನ್‌ನ ಮೂರೆಳೆಯ ರಚನೆಯನ್ನು ಬಿಡಿಸಿದರು. ಕಾಂಗರೂ ಬಾಲದ ಸ್ನಾಯುರಜ್ಜು ಎಕ್ಸ್-ರೇ ಚಿತ್ರ ಕೊಟ್ಟಿತು. ಆ ಚಿತ್ರಕ್ಕೆ ಹೊಂದುವ ಆಕಾರವನ್ನು ಅವರು ಗೋಲಿ ಮತ್ತು ಕಡ್ಡಿಗಳ ಮಾದರಿ ಕಟ್ಟಿ ಹುಡುಕಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ವಿಭಾಗವನ್ನೇ ಕಟ್ಟಿದರು. ಸ್ಟಾಫ್ ರೂಮಿನಲ್ಲಿ ಸಿಲಬಸ್ಸಿನ ಮಾತೆದ್ದಾಗಲೆಲ್ಲ ಟೀಚರಮ್ಮ ಈ ಹೆಸರನ್ನು ಮುಂದೊಡ್ಡುತ್ತಾಳೆ.

ಈಗಿನ ಫಜೀತಿ ಬೇರೆ. ಹೊಸ ಸೈಕಲ್ಲುಗಳಿಗೆ ಬೈಕಿನಂಥ ವಾಲ್ವು ಬಂದು ವಾಲ್ ಟ್ಯೂಬು ಕೇಳುವವರಿಲ್ಲ. ಸೈಕಲ್ ಶಾಪುಗಳೇ ಮೊಬೈಲ್ ಅಂಗಡಿಗಳಾಗಿವೆ. ಮಕ್ಕಳು ಇದಕ್ಕೂ ದಾರಿ ಹುಡುಕಿದರು. ತೋಟದಲ್ಲಿ ಮಿಕ್ಕ ಹನಿ ನೀರಾವರಿಯ ಸಣ್ಣ ಪೈಪು, ತೆಂಗಿನ ಕಡ್ಡಿಪೊರಕೆಯ ಕಡ್ಡಿ. ತ್ರಿಭುಜ ಚೆನ್ನಾಗಿಯೇ ಬಂತು, ಮೊದಲಿಗಿಂತ ದೊಡ್ಡದಾಗಿ. ಮೀಥೇನ್ ಮಾತ್ರ ಕೈಕೊಟ್ಟಿತು: ಪೈಪು ಗಡುಸು, ರಬ್ಬರಿನಂತೆ ಬಾಗದು, ನಾಲ್ಕು ಕಡ್ಡಿಗಳೂ ಹಟ ಹಿಡಿದು ಬೋರ್ಡಿನ ಚಿತ್ರದ ಹಾಗೆ ಚಪ್ಪಟೆಯಾಗಿಯೇ ಕೂತವು. ಪೈಪನ್ನು ಬಿಸಿ ಮಾಡಿ ಬಗ್ಗಿಸೋಣ ಎಂದು ಒಂದು ಗುಂಪು, ಗಂಟಿಗೆ ಮಾತ್ರ ರಬ್ಬರ್ ಹಾಕೋಣ ಎಂದು ಇನ್ನೊಂದು. ಮುಂದಿನ ವಾರ ಅಪ್ಪನ ಟಿಲ್ಲರಿನ ಹಳೇ ಟ್ಯೂಬು ಕತ್ತರಿಸಿ ತರುತ್ತೇನೆಂದು ಒಬ್ಬಳು ಒಪ್ಪಿಕೊಂಡಿದ್ದಾಳೆ. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ.