ದಿಗ್ವ್ರತ ಮತ್ತು ಡಿಸೆಂಬರಿನ ರಜೆ

ಎಲ್ಲಿಗೆ ಹೋಗಬೇಕೆಂದು ಯೋಚಿಸುವುದಕ್ಕೆ ಮೊದಲು ಎಲ್ಲಿಯವರೆಗೆ ಹೋಗಬೇಕೆಂಬುದನ್ನು ಗೃಹಸ್ಥನು ನಿಶ್ಚಯಿಸಿಕೊಳ್ಳಬೇಕೆಂಬುದು ದಿಗ್ವ್ರತದ ತಾತ್ಪರ್ಯ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳನ್ನು ಬಲ್ಲವರು ಅನೇಕರಿದ್ದಾರೆ. ಆದರೆ ದಿಗ್ವ್ರತದ ಹೆಸರು ಇಂದಿನ ಮನೆಗಳಲ್ಲಿ ಕೇಳಿಬರುವುದು ಅಪರೂಪ. ಕುಳಿತಲ್ಲಿಯೇ ವಿಮಾನದ ಟಿಕೇಟು ದೊರೆಯುವ ಈ ಕಾಲದಲ್ಲಿ ದಿಕ್ಕುಗಳಿಗೆ ಮಿತಿಯನ್ನು ಹಾಕಿಕೊಳ್ಳುವ ವ್ರತವು ಹಳೆಯ ಕಾಲದ ಮಾತಾಗಿ ತೋರುವುದು ಸಹಜ. ವಾಸ್ತವವಾಗಿ ಅದರ ಅಗತ್ಯವು ಈಗಲೇ ಹೆಚ್ಚಾಗಿದೆ ಎಂಬುದನ್ನು ಕಡಿಯಾಳಿಯ ಒಂದು ಮನೆಯ ಉದಾಹರಣೆಯಿಂದ ತಿಳಿಯಬಹುದು.

ಕಡಿಯಾಳಿಯು ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿ ಚಳಿಗಾಲವೆಂದರೆ ಮುಂಜಾನೆಯ ತಂಗಾಳಿ ಮಾತ್ರ. ಯುರೋಪಿನವರಿಗೆ ಡಿಸೆಂಬರಿನಲ್ಲಿ ಹಿಮದಿಂದ ದೂರ ಸರಿಯಲು ಕಾರಣವಿದೆ. ಅವರಲ್ಲಿ ಹಲವರು ಬಿಸಿಲನ್ನು ಅರಸಿ ಗೋವೆಗೂ ಗೋಕರ್ಣಕ್ಕೂ ಬರುತ್ತಾರೆ. ಉಡುಪಿಯವರಿಗೆ ಅಂತಹ ಕಾರಣವಿಲ್ಲ. ಆದರೂ ಮಕ್ಕಳ ರಜೆ, ಪರಿಚಿತರು ಕಳುಹಿಸುವ ಚಿತ್ರಗಳು, ಟ್ರಾವೆಲ್ ಏಜೆನ್ಸಿಗಳ ಜಾಹೀರಾತುಗಳು ಇವೆಲ್ಲವೂ ಸೇರಿ, ಡಿಸೆಂಬರ್ ಬಂತೆಂದರೆ ವಿದೇಶಕ್ಕೆ ಹೋಗಲೇಬೇಕೆಂಬ ಭಾವನೆಯನ್ನು ಹುಟ್ಟಿಸಿವೆ.

ಆ ಮನೆಯಲ್ಲಿ ಎಪ್ಪತ್ತಾರು ವರ್ಷದ ಅಜ್ಜಿ, ಬ್ಯಾಂಕಿನಲ್ಲಿ ಅಧಿಕಾರಿಯಾದ ಮಗ, ಅಧ್ಯಾಪಿಕೆಯಾದ ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗಳು, ಹೀಗೆ ನಾಲ್ವರು. ದುಬೈ, ಸಿಂಗಾಪುರ, ಥಾಯ್ಲೆಂಡ್, ಬಾಲಿ, ಶ್ರೀಲಂಕಾ ಎಂಬ ಐದು ಹೆಸರುಗಳ ನಡುವೆ ಚರ್ಚೆ ನಡೆಯಿತು. ತಾಯಿಯನ್ನೂ ಕರೆದೊಯ್ಯಬೇಕೆಂಬುದು ಮಗನ ಆಸೆ. ಆಕೆಯ ಆರೋಗ್ಯವು ಇನ್ನು ಎಷ್ಟು ವರ್ಷ ಪ್ರಯಾಣಕ್ಕೆ ಒದಗುವುದೋ ಎಂಬ ಆತಂಕವೂ ಅದರ ಹಿಂದೆ ಇತ್ತು. ಹಣ ಸಾಲದಿದ್ದರೆ ಕಂತಿನ ಸಾಲ ಪಡೆಯುವುದಕ್ಕೂ ಆತ ಸಿದ್ಧನಿದ್ದನು. ಅಜ್ಜಿ ಎಲ್ಲವನ್ನೂ ಕೇಳಿ, “ಪಡುವಣಕ್ಕೆ ಕಡಲೇ ನನ್ನ ಗಡಿ ಮಗಾ. ತೆಂಕಣಕ್ಕೆ ಕನ್ಯಾಕುಮಾರಿ, ಬಡಗಣಕ್ಕೆ ಹಿಮಾಲಯ, ಮೂಡಣಕ್ಕೆ ಸಮ್ಮೇದ ಶಿಖರ. ಮೇಲಕ್ಕೆ ಆ ಶಿಖರದ ನೆತ್ತಿ, ಕೆಳಕ್ಕೆ ನಮ್ಮ ಮನೆಯ ಬಾವಿಯ ತಳ” ಎಂದರು. 2015ರಲ್ಲಿ ಕಾರ್ಕಳದ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕವಾದ ಸಂದರ್ಭದಲ್ಲಿ ಆಕೆ ದಿಗ್ವ್ರತವನ್ನು ಸ್ವೀಕರಿಸಿದ ಸಂಗತಿ ಅಂದಿನವರೆಗೆ ಮನೆಯವರ ಗಮನಕ್ಕೆ ಬಂದಿರಲಿಲ್ಲ.

ಇಲ್ಲಿ ವ್ರತದ ಸ್ವರೂಪವನ್ನು ಸ್ವಲ್ಪ ವಿವರಿಸುವುದು ಉಚಿತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹತ್ತು ದಿಕ್ಕುಗಳಿಗೂ ಎಲ್ಲರಿಗೂ ತಿಳಿದಿರುವ ಎಲ್ಲೆಗಳನ್ನು ಗೊತ್ತುಮಾಡಿಕೊಳ್ಳಬೇಕೆಂದು ಹೇಳಿದ್ದಾರೆ. ಸಮುದ್ರ, ನದಿ, ಅಡವಿ, ಪರ್ವತ, ಜನಪದ, ಯೋಜನ ಇವು ಆ ಎಲ್ಲೆಗಳು. ಇವುಗಳಲ್ಲಿ ಸಮುದ್ರಕ್ಕೇ ಮೊದಲ ಸ್ಥಾನ. ಆ ಎಲ್ಲೆಯ ಹೊರಗೆ ಶ್ರಾವಕನಿಂದ ಸೂಕ್ಷ್ಮ ಪಾಪವೂ ನಡೆಯುವುದಿಲ್ಲವಾದ್ದರಿಂದ, ಅಷ್ಟು ಪ್ರದೇಶದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಗಳಿಗೆ ಸಮಾನವಾಗುವುವೆಂಬುದು ಆಚಾರ್ಯರ ಅಭಿಪ್ರಾಯ. ಮನುಷ್ಯನು ಹೋಗದ ಕಡೆ ಅವನಿಂದ ಯಾವ ಜೀವಿಗೂ ನೋವಿಲ್ಲ ಎಂಬುದೇ ಇದರ ಸರಳಾರ್ಥ.

ಇದನ್ನು ಸಮುದ್ರೋಲ್ಲಂಘನದ ನಿಷೇಧದೊಡನೆ ಬೆರೆಸಬಾರದು. 2008ರ ಪರ್ಯಾಯದ ಸಮಯದಲ್ಲಿ ಉಡುಪಿಯ ಕೃಷ್ಣಮಠದಲ್ಲಿ ಯತಿಗಳ ವಿದೇಶ ಯಾತ್ರೆಯ ವಿಷಯ ಚರ್ಚೆಗೆ ಬಂದದ್ದು ಹಲವರ ನೆನಪಿನಲ್ಲಿದೆ. ಅದು ಯತಿಧರ್ಮಕ್ಕೆ ಸಂಬಂಧಿಸಿದ ಬೇರೆಯೇ ಪ್ರಶ್ನೆ. ಜೈನರಲ್ಲಿಯೂ ಇಂತಹ ಪ್ರಶ್ನೆ ಎದ್ದುದುಂಟು. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಆಚಾರ್ಯ ವಿಜಯಾನಂದಸೂರಿಗಳಿಗೆ ಆಹ್ವಾನ ಬಂದಾಗ, ಮುನಿಧರ್ಮದ ನಿಯಮಕ್ಕೆ ಬದ್ಧರಾದ ಅವರು ತಾವು ಹೋಗದೆ ವೀರಚಂದ ರಾಘವಜಿ ಗಾಂಧಿಯವರನ್ನು ಕಳುಹಿಸಿದರು. ಕಡಲು ದಾಟಿದರೆಂದು ವೀರಚಂದರನ್ನು ವಿರೋಧಿಸಿದವರು ಅವರ ಸಮಾಜದಲ್ಲಿಯೇ ಇದ್ದರು. ಕಡಲ ವ್ಯಾಪಾರವಂತೂ ಈ ಕರಾವಳಿಯ ಜೈನರಿಗೆ ಹೊಸದಲ್ಲ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ರಾಣಿ ಚೆನ್ನಭೈರಾದೇವಿಯ ನಾಡಿನ ಕಾಳುಮೆಣಸು ಹಡಗುಗಳಲ್ಲಿ ದೂರದೇಶಗಳಿಗೆ ಹೋಗುತ್ತಿತ್ತು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಆದುದರಿಂದ ದಿಗ್ವ್ರತವು ಕಡಲಿನ ಮೇಲಿನ ದ್ವೇಷವಲ್ಲ. ಇತರರು ಹೇರುವ ನಿಷೇಧವೂ ಅಲ್ಲ. ಅದು ತನ್ನ ಆಸೆಗೆ ತಾನೇ ಹಾಕಿಕೊಳ್ಳುವ ಬೇಲಿ.

ಅಜ್ಜಿಯ ಮಾತನ್ನು ಕೇಳಿ ಸೊಸೆಯು, “ಅತ್ತೆ, ಒಮ್ಮೆ ಹೋಗಿ ಬಂದು ಪ್ರಾಯಶ್ಚಿತ್ತ ಮಾಡಿಕೊಂಡರೆ ಆಗದೇ?” ಎಂದು ಪ್ರೀತಿಯಿಂದಲೇ ಕೇಳಿದರು. “ಪ್ರಾಯಶ್ಚಿತ್ತ ಇರುವುದು ಮರೆತು ತಪ್ಪಿದವರಿಗೆ. ಮೊದಲೇ ಲೆಕ್ಕ ಹಾಕಿ ತಪ್ಪುವವರಿಗಲ್ಲ. ನೀವು ಹೋಗಿ ಬನ್ನಿ, ನನ್ನ ಗಡಿ ನನ್ನದು, ನಿಮ್ಮದಲ್ಲ” ಎಂಬುದು ಅಜ್ಜಿಯ ಉತ್ತರ. ಆಕೆ ಯಾರನ್ನೂ ತಡೆಯಲಿಲ್ಲ. ಆದರೆ ಆ ಒಂದು ಮಾತಿನಿಂದ, ತನಗೆ ಗಡಿ ಯಾವುದೆಂಬ ಪ್ರಶ್ನೆ ಮಗನ ಮನಸ್ಸಿನಲ್ಲಿ ಹುಟ್ಟಿತು.

ದಿಗ್ವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಮೇಲಕ್ಕೆ, ಕೆಳಕ್ಕೆ, ಅಡ್ಡಲಾಗಿ ಮಿತಿಯನ್ನು ದಾಟುವುದು ಮೂರು. ನಾಲ್ಕನೆಯದು ಕ್ಷೇತ್ರವೃದ್ಧಿ, ಅಂದರೆ ಒಂದು ದಿಕ್ಕಿನಲ್ಲಿ ಬಳಸದೆ ಉಳಿದ ದೂರವನ್ನು ಲೋಭದಿಂದ ಇನ್ನೊಂದು ದಿಕ್ಕಿಗೆ ಸೇರಿಸಿಕೊಳ್ಳುವುದು. ಐದನೆಯದು ಸ್ಮೃತ್ಯಂತರಾಧಾನ, ಅಂದರೆ ಮಿತಿಯನ್ನೇ ಮರೆಯುವುದು. ಈ ಕೊನೆಯ ಎರಡು ಇಂದಿನ ಪ್ರವಾಸಿಗೆ ಬಹಳ ಹತ್ತಿರದವು. “ಕೊರೋನಾದ ಎರಡು ವರ್ಷ ನಾವು ಎಲ್ಲಿಗೂ ಹೋಗಲಿಲ್ಲ, ಆ ಲೆಕ್ಕವೂ ಸೇರಿ ಈ ಸಲ ದೂರ ಹೋಗೋಣ” ಎಂದು ಮಗನು ಹೇಳಿದ ಮಾತು ಕ್ಷೇತ್ರವೃದ್ಧಿಯೇ ಸರಿ. ಹೋಗದೆ ಉಳಿದದ್ದನ್ನು ಬಾಕಿಯೆಂದು ಎಣಿಸಿದರೆ ಆಸೆಗೆ ಕೊನೆಯೆಲ್ಲಿ? ಇನ್ನು, “ಅಷ್ಟು ದೂರ ಹೋದ ಮೇಲೆ ಇದನ್ನೂ ನೋಡದೆ ಬರುವುದೇ?” ಎಂದು ಖರ್ಚಿನ ಮೇಲೆ ಖರ್ಚು ಏರುವುದು ಮಿತಿಯ ಮರೆವಲ್ಲದೆ ಬೇರೇನೂ ಅಲ್ಲ. ಮಗನು ಮೊದಲು ಸಾಲದ ಯೋಚನೆಯನ್ನು ಬಿಟ್ಟನು. ಕೈಯಲ್ಲಿದ್ದ ಉಳಿತಾಯದಲ್ಲಿ ಐದು ದಿನಗಳಿಗೆ ಮೀರದಂತೆ ಹೋಗಬಹುದಾದ ಸ್ಥಳವನ್ನೇ ಆಯುವುದೆಂದು ನಿಶ್ಚಯವಾಯಿತು. ದೂರದ ಹೆಸರುಗಳು ಪಟ್ಟಿಯಿಂದ ತಾವಾಗಿಯೇ ಹಿಂದೆ ಸರಿದವು.

ದೂರ ಮತ್ತು ಹಣದ ಮಿತಿಯ ನಂತರ ಉಳಿಯುವುದು ಅನರ್ಥದಂಡದ ವಿಚಾರ. ಯಾವ ಪ್ರಯೋಜನವೂ ಇಲ್ಲದೆ ಜೀವಿಗಳಿಗೆ ಆಗುವ ಹಿಂಸೆಯಿಂದ ದೂರವಿರುವುದು ಈ ವ್ರತದ ಉದ್ದೇಶ. ಈಗ ವಿಮಾನದಲ್ಲಿಯೂ ಕಂದಮೂಲಗಳಿಲ್ಲದ ಜೈನ ಊಟ ದೊರೆಯುತ್ತದೆ. ಊಟ ಶುದ್ಧವಾದರೆ ಪ್ರವಾಸವೂ ಶುದ್ಧವೆಂದು ತಿಳಿದು ಹಲವರು ತೃಪ್ತರಾಗುತ್ತಾರೆ. ಆದರೆ ನೋಟದಲ್ಲಿಯೂ ಹಿಂಸೆ ಇರುತ್ತದೆ. ಮೊಮ್ಮಗಳು ಓದಿ ಸಂಗ್ರಹಿಸಿದ ಸಂಗತಿಗಳು ಇದಕ್ಕೆ ಸಾಕ್ಷಿ. ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಪ್ರವಾಸಿಗರು ಹುಲಿಗಳೊಡನೆ ಚಿತ್ರ ತೆಗೆಸಿಕೊಳ್ಳುತ್ತಿದ್ದ ಹುಲಿ ದೇವಾಲಯದಿಂದ 2016ರಲ್ಲಿ ಅಧಿಕಾರಿಗಳು 137 ಹುಲಿಗಳನ್ನು ಬೇರೆಡೆಗೆ ಸಾಗಿಸಿದರು. ಅಲ್ಲಿಯ ಶೀತಪೆಟ್ಟಿಗೆಯಲ್ಲಿ 40 ಸತ್ತ ಮರಿಗಳು ಸಿಕ್ಕಿದವು. ಬಾಲಿಯಲ್ಲಿ ಪ್ರವಾಸಿಗರಿಗೆ ಮಾರುವ ಒಂದು ದುಬಾರಿ ಕಾಫಿಗಾಗಿ ಪುನುಗು ಬೆಕ್ಕುಗಳನ್ನು ಬೋನಿನಲ್ಲಿಟ್ಟು ಕಾಫಿಯ ಹಣ್ಣನ್ನು ತಿನ್ನಿಸುವ ಕ್ರಮವಿದೆ. ಥಾಯ್ಲೆಂಡಿನ ಮಾಯಾ ಕೊಲ್ಲಿಯಲ್ಲಿ ಜನಸಂದಣಿಯಿಂದ ಹವಳದ ದಂಡೆ ಹಾಳಾಗಿ, 2018ರಲ್ಲಿ ಮುಚ್ಚಿದ ತೀರವನ್ನು 2022ರಲ್ಲಷ್ಟೇ ಮತ್ತೆ ತೆರೆಯಲಾಯಿತು. ಯಾವ ಪ್ರವಾಸಿಯೂ ಹವಳವನ್ನು ಕೊಲ್ಲಬೇಕೆಂದು ಹೋದವನಲ್ಲ.

ಹಾಗೆಂದು ಪ್ರವಾಸವೆಲ್ಲವೂ ಹಾನಿಯೆನ್ನಲಾಗದು. 2022ರಲ್ಲಿ ಶ್ರೀಲಂಕಾದಲ್ಲಿ ವಿದೇಶಿ ವಿನಿಮಯ ಬರಿದಾಗಿ ಜನರು ಪೆಟ್ರೋಲಿಗೂ ಔಷಧಿಗೂ ಸಾಲುಗಟ್ಟಿ ನಿಂತರು. ಆ ಸಂಕಟಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಪ್ರವಾಸಿಗರ ವರಮಾನ ನಿಂತುಹೋದದ್ದೂ ಒಂದು. ಸಣ್ಣ ವಸತಿಗೃಹದವನೂ ಆಟೋರಿಕ್ಷಾದವನೂ ಬರುವವರನ್ನು ನಂಬಿ ಬದುಕುತ್ತಾರೆ. ಶ್ರೀಲಂಕಾಕ್ಕೆ ಜೈನರ ಇತಿಹಾಸದ ನಂಟೂ ಉಂಟು. ರಾಜ ಪಾಂಡುಕಾಭಯನು ಅನುರಾಧಪುರದಲ್ಲಿ ನಿರ್ಗ್ರಂಥರಿಗಾಗಿ ವಸತಿಗಳನ್ನು ಕಟ್ಟಿಸಿದನೆಂದು ಪಾಲಿ ಗ್ರಂಥವಾದ ಮಹಾವಂಸವು ತಿಳಿಸುತ್ತದೆ. ಮುಂದೆ ಅಭಯಗಿರಿ ವಿಹಾರವು ಎದ್ದದ್ದು ನಿರ್ಗ್ರಂಥರ ಆರಾಮವಿದ್ದ ಜಾಗದಲ್ಲಿಯೇ ಎಂದೂ ಅದರಲ್ಲಿದೆ. ಡಿಸೆಂಬರಿನಲ್ಲಿ ಬಾಲಿಗೂ ಸಿಂಗಾಪುರಕ್ಕೂ ಮಳೆಗಾಲ. ಶ್ರೀಲಂಕಾದ ನೈಋತ್ಯ ಕರಾವಳಿಯಲ್ಲಿ ಆಗ ಮಳೆ ಕಡಿಮೆಯಾಗಿರುತ್ತದೆ. ಹೀಗೆ ಎಲ್ಲವನ್ನೂ ತೂಗಿ ನೋಡಿ ಮನೆಯವರು ಶ್ರೀಲಂಕಾವನ್ನು ಆರಿಸಿದರು. ಆನೆಯ ಸವಾರಿ ಮಾಡುವುದಿಲ್ಲ, ಪ್ರಾಣಿಗಳ ಆಟ ನೋಡುವುದಿಲ್ಲ, ಹವಳದ ವಸ್ತುಗಳನ್ನು ಕೊಳ್ಳುವುದಿಲ್ಲ ಎಂದು ಮೊಮ್ಮಗಳು ಒಂದು ಹಾಳೆಯಲ್ಲಿ ಬರೆದಿಟ್ಟಳು.

ಆದರೆ ಒಂದು ತೊಡಕು ಉಳಿದಿತ್ತು. ಆ ಐದು ದಿನಗಳ ಕಾಲ ಅಜ್ಜಿಯ ಜೊತೆಗಿರಲು ಕಾರ್ಕಳದಿಂದ ಮಗಳು ಬರುವುದೆಂದಾಯಿತು. ಅಜ್ಜಿಯು ಅದೇ ದಿನಗಳಲ್ಲಿ ದೇಶಾವಕಾಶಿಕ ವ್ರತವನ್ನು ಹಿಡಿದು, ಮನೆಯ ಅಂಗಳವನ್ನೇ ಎಲ್ಲೆಯಾಗಿ ಮಾಡಿಕೊಳ್ಳುವೆನೆಂದರು. ಎಲ್ಲೆಯ ಹೊರಗಿನವರಿಗೆ ಧ್ವನಿಯಿಂದ ಸೂಚನೆ ಕೊಡುವುದು, ತನ್ನ ರೂಪವನ್ನು ತೋರಿಸುವುದು ಈ ವ್ರತದ ಅತಿಚಾರಗಳಲ್ಲಿ ಎರಡು. ಶಬ್ದಾನುಪಾತ, ರೂಪಾನುಪಾತವೆಂದು ಅವುಗಳ ಹೆಸರು. ಹಾಗಾದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾತನಾಡುವುದೂ ಸಲ್ಲದಷ್ಟೆ. “ಅಜ್ಜಿ, ನೀವು ಹೇಗಿದ್ದೀರೆಂದು ತಿಳಿಯದೆ ನಾನು ಅಲ್ಲಿ ಏನನ್ನು ನೋಡಲಿ?” ಎಂದು ಮೊಮ್ಮಗಳು ಕಣ್ಣೀರಿಟ್ಟಳು. ಅಜ್ಜಿ ಒಂದು ರಾತ್ರಿ ಯೋಚಿಸಿದರು. ದೇಶಾವಕಾಶಿಕಕ್ಕೆ ಕಾಲದ ಮಿತಿಯನ್ನು ಸ್ವೀಕರಿಸುವವರೇ ಗೊತ್ತುಮಾಡಬಹುದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಾತ್ರ ವ್ರತವೆಂದು ಆಕೆ ನಿಯಮ ಮಾಡಿಕೊಂಡರು. ಮಧ್ಯಾಹ್ನ ಒಮ್ಮೆ ಮಾತನಾಡುವುದೆಂದು ಗೊತ್ತಾಯಿತು. ವ್ರತವು ತನ್ನನ್ನು ಬಿಗಿಯಬೇಕು. ಇನ್ನೊಬ್ಬರ ಮನಸ್ಸನ್ನು ನೋಯಿಸಲು ಅದು ಕಾರಣವಾಗಬಾರದು ಎಂಬ ವಿವೇಕ ಆಕೆಯಲ್ಲಿತ್ತು.

ದೇಶಾವಕಾಶಿಕದಂತಹ ನಿಯಮವನ್ನು ಒಂದು ದ್ವೀಪವೇ ಪಾಲಿಸುವ ಉದಾಹರಣೆಯೂ ಇದೆ. ಬಾಲಿಯ ಹಿಂದುಗಳು ತಮ್ಮ ಶಕ ವರ್ಷದ ಮೊದಲ ದಿನವನ್ನು ‘ನ್ಯೆಪಿ’ಯೆಂದು ಆಚರಿಸುತ್ತಾರೆ. ಅಂದು ಬೆಂಕಿಯಿಲ್ಲ, ಕೆಲಸವಿಲ್ಲ, ವಿನೋದವಿಲ್ಲ, ಪ್ರಯಾಣವಿಲ್ಲ. 24 ಗಂಟೆ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ. ಪ್ರವಾಸಿಗರೂ ವಸತಿಗೃಹದಿಂದ ಹೊರಗೆ ಬರುವಂತಿಲ್ಲ. ಪ್ರವಾಸಿಗರ ಹಣವನ್ನೇ ಬಹುಮಟ್ಟಿಗೆ ನಂಬಿರುವ ನಾಡೊಂದು ವರ್ಷಕ್ಕೊಂದು ದಿನ ಬಾಗಿಲು ಹಾಕಿಕೊಳ್ಳಬಲ್ಲುದಾದರೆ, ಒಂದು ಸಂಸಾರವು ತನ್ನ ಓಡಾಟಕ್ಕೆ ಮಿತಿಯಿಡುವುದು ಅಸಾಧ್ಯವೇನಲ್ಲ.

ಚಾತುರ್ಮಾಸ್ಯ ಮುಗಿದು ಮುನಿಗಳು ವಿಹಾರ ಹೊರಡುವ ಕಾಲವೂ ಈ ಚಳಿಗಾಲವೇ. ಅವರು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾರೆ. ಗೃಹಸ್ಥನಿಂದ ಅಷ್ಟು ಎಚ್ಚರವನ್ನು ನಿರೀಕ್ಷಿಸಲಾಗದು. ಆದರೆ ಟಿಕೇಟು ಕೊಳ್ಳುವ ಮೊದಲು ಎಷ್ಟು ದೂರ, ಎಷ್ಟು ದಿನ, ಎಷ್ಟು ಹಣ, ಯಾವುದನ್ನು ನೋಡುವುದಿಲ್ಲ, ಮನೆಯಲ್ಲಿ ಉಳಿಯುವವರನ್ನು ಯಾರು ನೋಡಿಕೊಳ್ಳುವರು ಎಂಬ ಐದು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಡುವುದು ಯಾರಿಗೂ ಕಷ್ಟವಲ್ಲ. ಬರೆದಿಟ್ಟ ಮಿತಿಯನ್ನು ನಡುದಾರಿಯಲ್ಲಿ ಮರೆಯದಿರುವುದು ಮಾತ್ರ ಕಷ್ಟ. ವ್ರತವೆಂಬ ಹೆಸರು ಸಲ್ಲುವುದೂ ಅದಕ್ಕೇ.