ಇಪ್ಪತ್ತು ನಿಮಿಷ

ಕೊಡಚಾದ್ರಿ ಹತ್ತಿಳಿದು ಮೂರು ದಿನ ಕಾಲು ಮಡಚಲಾಗದೆ ಒದ್ದಾಡಿದವ ನಾನು. ಅಂಥವನಿಗೆ ಇಂಗ್ಲೆಂಡಿನ ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳೆಯ, "ಒಂದೇ ದಿನದಲ್ಲಿ 42 ಬೆಟ್ಟ ಓಡ್ತೀನಿ, ಊಟ ಬಟ್ಟೆ ತಗೊಂಡು ಕಾರಲ್ಲಿ ಬರ್ತೀಯಾ?" ಅಂದಾಗ ತಮಾಷೆ ಅಂದ್ಕೊಂಡೆ.

ತಮಾಷೆಯಲ್ಲ ಮಾರಾಯ್ರೆ! ಬಾಬ್ ಗ್ರಹಾಂ ರೌಂಡ್ ಅಂತ ಇದರ ಹೆಸರು. ಲೇಕ್ ಡಿಸ್ಟ್ರಿಕ್ಟಿನ ಕೆಸಿಕ್ ಊರಲ್ಲಿ ಗೆಸ್ಟ್‌ಹೌಸ್ ನಡೆಸುತ್ತಿದ್ದ ಬಾಬ್ ಗ್ರಹಾಂ 1932ರ ಜೂನಿನಲ್ಲಿ 42 ಬೆಟ್ಟ ಸುತ್ತಿ 23 ಗಂಟೆ 39 ನಿಮಿಷಕ್ಕೆ ವಾಪಸು ಬಂದ. ಆಮೇಲೆ ಅದನ್ನು 24 ಗಂಟೆಯೊಳಗೆ ಮುಗಿಸಿದ್ದು ಅಲನ್ ಹೀಟನ್, ಅದೂ 1960ರಲ್ಲಿ! ದಾರಿ ಸುಮಾರು 106 ಕಿ.ಮೀ., ಒಟ್ಟು ಏರು 8,200 ಮೀಟರ್ ಹತ್ತಿರ. ದಾರಿಗೆ ಬಾಣದ ಗುರುತಿಲ್ಲ. ಪ್ರತಿ ಶಿಖರದಲ್ಲೂ ಜೊತೆಗೊಬ್ಬ ಸಾಕ್ಷಿ ಇರಬೇಕು, 24 ಗಂಟೆಯೊಳಗೆ ಕೆಸಿಕ್‌ನ ಮೂಟ್ ಹಾಲ್ ಬಾಗಿಲಿಗೆ ಮರಳಬೇಕು. ಆಗಷ್ಟೇ ಕ್ಲಬ್ಬಿನ ಪಟ್ಟಿಯಲ್ಲಿ ಹೆಸರು.

2019ರ ಜೂನ್. ಸಂಜೆ ಏಳಕ್ಕೆ ಹೊರಟ. ರಾತ್ರಿಯೆಲ್ಲಾ ಮಳೆ. ಬೆಳಗಿನ ಜಾವ ನಾಲ್ಕಕ್ಕೆ ಡನ್‌ಮೇಲ್ ರೈಸ್ ರಸ್ತೆಯಲ್ಲಿ ಚಹಾ ಕೊಟ್ಟು ಕಳಿಸಿದೆ. ಮುಂದಿನ ಭೇಟಿ ವಾಸ್ಡೇಲ್. ಬೆಟ್ಟದ ಮೇಲಿಂದ ಅವನಿಗೆ ಆರು ಗಂಟೆ ಬೇಕು. ಬೇಕಾದಷ್ಟು ಹೊತ್ತಿದೆ ಅಂತ ಕಾರಲ್ಲೇ ಒರಗಿದೆ...

ಎಚ್ಚರಾದಾಗ ಎಂಟೂಮುಕ್ಕಾಲು! ವಾಸ್ಡೇಲಿಗೆ ನೇರ ರಸ್ತೆ ಇಲ್ಲ. ರೈನೋಸ್, ಹಾರ್ಡ್‌ನಾಟ್ ಘಾಟಿಗಳಲ್ಲಿ ಒಂದು ಕಾರಿನಷ್ಟೇ ಅಗಲದ ದಾರಿ. ಅದರೆದುರು ನಮ್ಮ ಆಗುಂಬೆ ಘಾಟಿ ಹೈವೇ! ಹೋಗಿ ನೋಡಿದರೆ ಅವನು ಕಲ್ಲಿನ ಮೇಲೆ ಕೂತು ನಡುಗುತ್ತಿದ್ದ. ಒಣ ಕಾಲುಚೀಲ, ಊಟ ಎಲ್ಲಾ ನನ್ನ ಕಾರಲ್ಲೇ. 20 ನಿಮಿಷ ಕಾದಿದ್ದ.

ಕೊನೆಯ ಬೆಟ್ಟ ರಾಬಿನ್‌ಸನ್ ಇಳಿದು ಮೂಟ್ ಹಾಲ್ ಬಾಗಿಲು ಮುಟ್ಟಿದಾಗ 24 ಗಂಟೆ 11 ನಿಮಿಷ.

ನಿದ್ದೆ ಮಾಡಿಬಿಟ್ಟೆ ಅಂತ ಅಲ್ಲೇ ಒಪ್ಪಿಕೊಂಡೆ. ಮೆಟ್ಟಿಲ ಮೇಲೆ ಕುಸಿದು ಕೂತವನು, "ಸ್ಕಾಫೆಲ್ ಇಳಿಯುವಾಗಲೇ ನನ್ನ ಕಾಲು ಹೋಗಿತ್ತು. ನೀನು ಬಂದಿರದಿದ್ದೇ ಕೂರೋಕೆ ನೆಪ ಆಯ್ತು," ಅಂದ. ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ, ಇವತ್ತಿಗೂ ಗೊತ್ತಿಲ್ಲ. ಕೇಳೋ ಧೈರ್ಯವೂ ಬಂದಿಲ್ಲ.

2022ರಲ್ಲಿ ಮತ್ತೆ ಓಡಿದ. ಕಾರಿಗೆ ನನ್ನನ್ನೇ ಕರೆದ! 23 ಗಂಟೆ 26 ನಿಮಿಷ. ಆ ಇಡೀ ರಾತ್ರಿ ನಾನು ರೆಪ್ಪೆ ಮುಚ್ಚಲಿಲ್ಲ ನೋಡಿ.

ನಿಮಗೂ ಹೀಗೆ ಯಾರದ್ದೋ ಇಪ್ಪತ್ತು ನಿಮಿಷ ತಿಂದುಹಾಕಿದ ಅನುಭವ ಇದೆಯಾ?